ಮಗುಚಿದ ಮಣೆಯ ಮೇಲೆ ಸತ್ತ ಆನೆ

೧೪ ಮಾರ್ಚ್ ೧೯೮೪, ಬುಧವಾರ, ಜಾಲಹಳ್ಳಿ

ಇವತ್ತು ಫ್ಯಾಕ್ಟರಿ ಕ್ಯಾಂಟೀನಿನಲ್ಲಿ ನನ್ನ ಚೆಸ್ ಆನೆ ವೀರಸ್ವರ್ಗ ಸೇರಿತು. ಕೊಂದವನು ನಾನೇ.

ಒಂಟಿ ರಾಜನನ್ನು ರಾಜ, ಆನೆ ಸೇರಿ ಕಟ್ಟಿಹಾಕುವ ಅಷ್ಟೂ ನಡೆಗಳನ್ನು ಕಂಪ್ಯೂಟರಿನಿಂದ ಅಚ್ಚು ಹಾಕಿಸಿದ್ದೆ. ಜಾಗ ಉಳಿಸಲು ಆ ಪಟ್ಟಿಯಲ್ಲಿ ಒಂಟಿ ರಾಜನನ್ನು ಎಡಗಡೆಯ ಹತ್ತೇ ಮನೆಗಳಲ್ಲಿ ಕೂರಿಸಿದ್ದೆ. ಬೇರೆಡೆ ಇದ್ದರೆ ಕನ್ನಡಿಯಲ್ಲಿ ಕಂಡಂತೆ ಮಗುಚಿ ಹುಡುಕಬೇಕು.

ಗೆದ್ದರೆ ಪ್ರತಿ ಶನಿವಾರ ಕಂಪ್ಯೂಟರ್ ಮೆಷಿನ್ ನನಗೇ ಎಂದಿದ್ದರು ಸೂಪರ್‌ವೈಸರ್ ರಾಮಾಂಜಿನಪ್ಪನವರು. ಅವರ ಒಂಟಿ ರಾಜ ಬಲಗಡೆ ಇದ್ದ. ಪರಮ ಶ್ರದ್ಧೆಯಿಂದ ಮಗುಚಿ ಹುಡುಕಿದೆ. ಪಟ್ಟಿ ಹೇಳಿದ ಮನೆಗೇ ಆನೆ ಇಟ್ಟೆ. ಅದು ಅವರ ರಾಜನ ಪಕ್ಕದ ಮನೆ!

“ಹುಡುಕೋವಾಗ ಮಗುಚ್ದೆ ಸರಿ, ಆಡೋವಾಗ ವಾಪಸ್ ಮಗುಚೋಕೆ ನಾನು ಬರ್ಬೇಕೇನಪ್ಪಾ?” ಎನ್ನುತ್ತಾ ರಾಜನಿಂದಲೇ ಆನೆ ಹೊಡೆದು ಎತ್ತಿಟ್ಟರು.

ಶನಿವಾರದ ಮೆಷಿನ್ ಕೈತಪ್ಪಿತು. ಪಟ್ಟಿಯಲ್ಲಿ ಒಂದೂ ತಪ್ಪಿಲ್ಲ, ಅದೇ ಹೊಟ್ಟೆಯುರಿ. ನಾಳೆ ಕಾಲಿಗೆ ಬಿದ್ದಾದರೂ ಇನ್ನೊಂದು ಆಟ ಕೇಳುತ್ತೇನೆ. ಅಮ್ಮನ ಕೈಗನ್ನಡಿ ಆಗಲೇ ನನ್ನ ಚೀಲದಲ್ಲಿದೆ, ಬೆಳಿಗ್ಗೆ ಅಮ್ಮ ಹುಡುಕಿದರೆ ಹುಡುಕಲಿ.