ನಿನ್ನ ಮಗಳ ಉತ್ತರಪತ್ರಿಕೆ

ಲುಂಬಿನಿ,

ಕಳಿಸುವ ಧೈರ್ಯವಿಲ್ಲದಿದ್ದರೂ ಬರೆಯುತ್ತಿದ್ದೇನೆ. ಇವತ್ತು ನಿನ್ನ ಮಗಳು ಸುಶ್ಮಿತಾಳ ಗಣಿತ ಪತ್ರಿಕೆ ತಿದ್ದಲು ಕುಳಿತೆ. ದತ್ತ, ಸಾಧನೀಯ, ಪೆನ್ಸಿಲ್ಲಿನಲ್ಲಿ ತೆಗೆದ ಚಿತ್ರ, ಪ್ರತಿ ಹಂತದ ಪಕ್ಕ ಅದರ ಕಾರಣ! ಕೆಂಪು ಪೆನ್ನು ಎಲ್ಲಿ ಊರಲೆಂದು ತಿಳಿಯದೆ ಬೆರಗಾಗಿ ಎರಡು ಸಲ ಓದಿದೆ.

"ಯಾರ್ ಕಲಿಸ್ಯಾರವಾ ಹಿಂಗ?" ಎಂದು ಅವಳನ್ನು ಕರೆದು ಕೇಳಿದೆ.

"ನಮ್ಮವ್ವ ರೀ ಟೀಚರ್. ಬರೇ ಉತ್ತರ ಬರದ್ರ ಕಾಪಿ ಹೊಡದಿ ಅಂತಾರ, ನಿಮ್ಮಂಗ ಎಲ್ಲಾ ಹಂತ ಬರೀ ಅಂತಾಳ್ರೀ."

ಚಿತ್ತಾಪುರದ ನಮ್ಮ ಹತ್ತನೇ ತರಗತಿಯಲ್ಲಿ ನಿನ್ನ ಹಾಳೆಯ ಮೇಲೆ ಬರೀ ಉತ್ತರಗಳಿದ್ದವು, ನನ್ನದರಲ್ಲಿ ಹಂತಗಳೂ ಇದ್ದವು. ನನ್ನದನ್ನು ನೋಡಿ ಬರೆದೆಯೆಂದು ಮಾಸ್ತರರು ನಿನ್ನನ್ನು ಎಲ್ಲರೆದುರು ಹೊರಗೆ ಕಳಿಸಿದರು. ನಾನು ಅಂಚುಗೆರೆ ಎಳೆಯುತ್ತಾ ಕುಳಿತಿದ್ದೆ.

ಆ ಉತ್ತರಗಳನ್ನು ನಿನ್ನ ಹಾಳೆಯಿಂದ ಇಳಿಸಿಕೊಂಡು, ಹಂತಗಳನ್ನು ಆಮೇಲೆ ತುಂಬಿದವಳು ನಾನೆಂದು ನೀನು ನಿನ್ನ ಮಗಳಿಗೂ ಹೇಳಿಲ್ಲ.