ಹಿಮ್ಮಡಿ ಇಲ್ಲದ ಕಾಲುಚೀಲ

ಗುರುವಾರ, ಜನವರಿ ೧೮

ಅಮ್ಮನ ಕಾಲುಚೀಲ ಇವತ್ತೂ ಹಿಮ್ಮಡಿಗೆ ತಿರುಗಲಿಲ್ಲ. ನನಗೆ ಹೆಣಿಗೆ ಕಲಿಸಿದವಳಿಗೇ ಆ ತಿರುವು ಮರೆತುಹೋಗಿದೆ. ಕೊಳವೆಯ ಹಾಗೆ ನೆಟ್ಟಗೆ ಹೆಣೆಯುತ್ತಾ ಹೋಗುತ್ತಾಳೆ. ನೂಲು ಮುಗಿದರೆ ಕಂಗಾಲಾಗುತ್ತಾಳೆಂದು, ಅವಳು ಮಲಗಿದ ಮೇಲೆ ನಾನೇ ಬಿಚ್ಚಿ ಉಂಡೆ ಸುತ್ತಿಡುತ್ತೇನೆ. ಬೆಳಗ್ಗೆ ಮತ್ತೆ ಮೊದಲಿನಿಂದ. "ಹೊತ್ತು ಹೋಗತ್ತಲ್ಲ, ಬಿಡು" ಅಂತಾನೆ ಅಣ್ಣ, ಫೋನಿನಲ್ಲಿ. ಅವನಿಗೇನು, ಹೇಳಿ ಇಟ್ಟುಬಿಡುತ್ತಾನೆ.

ಸಂಜೆ ಅಮ್ಮ ಎಳೆಯನ್ನು ಬೆರಳಲ್ಲಿ ಸವರಿ ಸವರಿ ನೋಡಿದಳು. ಬಿಚ್ಚಿ ಬಿಚ್ಚಿ ಅದು ಗುಂಗುರಾಗಿದೆ.

"ಇದು ಬಿಚ್ಚಿದ ನೂಲು ಕಣೇ. ಪಾಪ, ಯಾವಳೋ ಎಷ್ಟು ಸಲ ತಪ್ಪಿದಾಳೆ. ಕರ್ಕೊಂಡು ಬಾ ಅವಳನ್ನ, ಬೈಯಲ್ಲ. ಹಿಮ್ಮಡಿ ತಿರುಗಿಸೋದು ನಾನು ಹೇಳ್ಕೊಡ್ತೀನಿ."

ಹೂಂ ಅಂದೆ. ಈಗ ಕಾಲುಚೀಲ ಮಡಿಲಲ್ಲಿದೆ. ಬಿಚ್ಚೋಣವೆಂದರೆ ಕೈಯೇ ಬರುತ್ತಿಲ್ಲ. ನಾಳೆ ಅವಳೆದುರು ಕೂತು, ಅಮ್ಮಾ, ಅವಳು ಬಂದಿದ್ದಾಳೆ ಅಂತ ಹೇಳಿ, ಸೂಜಿಗೆ ನಾನೇ ಕೈಚಾಚುತ್ತೇನೆ.