ದಾರದಿಂದ ಕಟ್ಟಿದ ಕಾಲು

ಆಸ್ಪತ್ರೆಯ ವರಾಂಡ
ಗುರುವಾರ, ಮಧ್ಯಾಹ್ನ

ಪ್ರೀತಿಯ ದೊಡ್ಡಮ್ಮಾ,

ನಿಮ್ಮ ಮಂಡಿನೋವು ಹೇಗಿದೆ? ದೊಡ್ಡಪ್ಪನ ಕೆಮ್ಮು ಇಳಿಯಿತೇ? ಇಲ್ಲಿ ಪುಟಾಣಿಗೆ ಹಲ್ಲು ಬರುತ್ತಿದೆ. ನನಗೆ ನಿದ್ದೆ ಅನ್ನುವುದು ಅವಸರದ ನೆಂಟರ ಹಾಗೆ, ಬಂದರೂ ನಿಲ್ಲುವುದಿಲ್ಲ. ಅಕ್ಷರ ಸೊಟ್ಟಗಿದ್ದರೆ ಬೈಯಬೇಡಿ, ಕಾಗದ ತೊಡೆಯ ಮೇಲಿಟ್ಟುಕೊಂಡು ಬರೆಯುತ್ತಿದ್ದೇನೆ.

ಅಮ್ಮನ ಬಲಗಾಲಿನ ಆಪರೇಷನ್ ಆಯಿತೆಂದು ಹೇಳಿದ್ದೆನಲ್ಲ. ಹೆಬ್ಬೆರಳಿನ ಬುಡದ ಆ ಗಂಟು ಅಂದರೆ ಬೆಳೆದ ಮೂಳೆ, ಕತ್ತರಿಸಿಯೇ ತೆಗೆಯಬೇಕು ಅಂತ ನಾವೆಲ್ಲ ತಿಳಿದಿದ್ದೆವು. ಡಾಕ್ಟರು ಪಾದವನ್ನು ಎರಡೂ ಕಡೆಯಿಂದ ಅಮುಕಿದರು, ಗಂಟು ಒಳಗೆ ಸರಿದುಬಿಟ್ಟಿತು. ಮೂಳೆ ಬೆಳೆದಿಲ್ಲ, ಆಚೆ ವಾಲಿದೆ, ಪಕ್ಕದ ಮೂಳೆಗೆ ಗಟ್ಟಿ ದಾರದಿಂದ ಎಳೆದು ಕಟ್ಟುತ್ತೇವೆ ಅಂದರು. ನಾನು ಬಾಯಿಬಿಟ್ಟು ಕೂತೆ. ಅಮ್ಮ ಮಾತ್ರ "ಯಾವ ನಂಬರಿನ ದಾರ?" ಅಂತ ಕೇಳಿದಳು.

ಅಲ್ಲೇ ಎಡವಟ್ಟಾಯಿತು. ಬರೀ ಹೊಲಿಗೆ ಅಂದಮೇಲೆ ಅದು ತನ್ನ ಇಲಾಖೆ ಅಂದುಕೊಂಡಳು. ಗಟ್ಟಿ ಅಟ್ಟೆಯ ಚಪ್ಪಲಿ ಹಾಕಿಕೊಂಡು ನಿಧಾನ ಓಡಾಡಬಹುದು, ಪಾದದ ಮುಂಭಾಗ ಮಡಿಸಕೂಡದು ಅಂತ ಹೇಳಿದ್ದರು. ಇವತ್ತು ಬೆಳಿಗ್ಗೆ ಮಗುವಿಗೆ ಸ್ನಾನ ಮಾಡಿಸಿ ಬರುತ್ತೇನೆ, ಒಳಕೋಣೆಯಲ್ಲಿ ಟಕಟಕ ಸದ್ದು. ನೋಡಿದರೆ ಅಮ್ಮ ಚಪ್ಪಲಿ ಕಳಚಿಟ್ಟು, ಬ್ಯಾಂಡೇಜಿನ ಕಾಲಿನಲ್ಲೇ ಹೊಲಿಗೆ ಮಷಿನ್ನಿನ ಪೆಡಲ್ ತುಳಿಯುತ್ತಿದ್ದಾಳೆ, ಯಾರದೋ ಪರದೆಯ ಅಂಚಿಗಾಗಿ. "ದಾರ ಎಷ್ಟು ತಾಳುತ್ತೆ ಅಂತ ನೀನು ನನಗೆ ಹೇಳಿಕೊಡ್ತೀಯಾ? ನಾನು ಸಂಸಾರ ಮಾಡಿದ್ದೇ ದಾರದ ಜೊತೆ" ಅಂದಳು. "ಅಮ್ಮಾ, ಡಾಕ್ಟರು ಹಾಕಿರೋದು ಕಚ್ಚಾ ಹೊಲಿಗೆ. ಪಕ್ಕಾ ಹೊಲಿಗೆಯನ್ನ ಒಳಗೆ ಮೈಯೇ ನಿಧಾನಕ್ಕೆ ಬೆಳೆಸ್ಕೋಬೇಕು, ಅಲ್ಲೀತನಕ ದಾರ ಹಿಡಿದಿಟ್ಟಿರುತ್ತೆ ಅಷ್ಟೆ. ಕಚ್ಚಾ ಹೊಲಿಗೆಯ ಬಟ್ಟೆ ತೊಟ್ಟು ಯಾರಾದರೂ ಕುಣೀತಾರಾ?" ಅಂದವಳೇ ಅತ್ತುಬಿಟ್ಟೆ. ಮಗುವೂ ಅತ್ತಿತು. ಅವಳ ಪೆಡಲ್ ನಿಂತಿತು, ಬಾಯಿ ನಿಲ್ಲಲಿಲ್ಲ.

ಎಕ್ಸ್‌ರೇ ತೆಗೆಸಿ ಕಾಯುತ್ತಿದ್ದೇವೆ. ದಾರ ಬಿಟ್ಟಿದ್ದರೆ ಮತ್ತೆ ಮೊದಲಿನಿಂದ, ಈ ಸಲ ಮೂಳೆಯನ್ನೇ ಕತ್ತರಿಸಬೇಕಾಗಬಹುದಂತೆ. ಅಮ್ಮ ಪಕ್ಕದಲ್ಲಿ ಕೂತು ನರ್ಸಮ್ಮನ ಅಂಗಿಯ ತೋಳು ಸರಿಯಾಗಿ ಕೂತಿಲ್ಲ ಅಂತ ಗೊಣಗುತ್ತಿದ್ದಾಳೆ. ಅವಳಿಗೆ ಸೂಜಿ ಹಿಡಿಯಲು ಕಲಿಸಿದವರು ನೀವು. ನಿಮ್ಮ ಗದರಿಕೆಗೆ ಮಾತ್ರ ಈಗಲೂ ಹೆದರುತ್ತಾಳೆ.

ದೊಡ್ಡಪ್ಪನಿಗೂ ನಿಮಗೂ ನಮಸ್ಕಾರ. ಪುಟಾಣಿಯಿಂದ ಜೊಲ್ಲು ತುಂಬಿದ ಮುತ್ತು.

ನಿಮ್ಮ
ಪುಕ್ಕಲಿ

ತಾ.ಕ.: ಡಾಕ್ಟರು ನನ್ನೊಬ್ಬಳನ್ನೇ ಒಳಗೆ ಕರೆದರು. ಮೂಳೆ ಕದಲಿಲ್ಲವಂತೆ, ದಾರ ಹಿಡಿದಿದೆ. ಅಮ್ಮನಿಗೆ ಹೇಳಿದರೆ ಸಂಜೆಗೇ ಮಷಿನ್ ಹತ್ತುತ್ತಾಳೆ ಅಂತ, ಒಂದು ಎಳೆ ಬಿಟ್ಟಿದೆ ಅಂದುಬಿಟ್ಟೆ. ಮುಖ ಬಿಳಿಚಿಕೊಂಡಿತು, ಈಗ ಕಾಲು ನೀಡಿ ಅಲುಗಾಡದೆ ಕೂತಿದ್ದಾಳೆ. ನೀವೂ ಇದನ್ನೇ ಹೇಳಿ. ಬೇಗ ಬನ್ನಿ ದೊಡ್ಡಮ್ಮಾ, ಇಷ್ಟು ದೊಡ್ಡ ಸುಳ್ಳನ್ನು ನನ್ನೊಬ್ಬಳಿಂದ ಹಿಡಿದಿಟ್ಟುಕೊಳ್ಳಲು ಆಗುವುದಿಲ್ಲ.